ಅಪ್ಪನ ಪಿಕಪ್ಪು, ಅವರ ಮಗನ ಇಂಜಿನು

ಚಿಕ್ಕೇರೂರಿನಲ್ಲಿ ನಮ್ಮಪ್ಪನ ಹತ್ತಿರ ಒಂದು ಹಳೆಯ ಪಿಕಪ್ ಗಾಡಿ ಇತ್ತು. ಗುಂಡನೆಯ ಮೂಗು, ಎರಡೂ ಕಡೆ ಉಬ್ಬಿದ ಮಡ್‌ಗಾರ್ಡು, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ಯುದ್ಧದ ಕಾಲದಲ್ಲಿ ಮಿಲಿಟರಿಯವರು ಓಡಿಸಿ ಬಿಟ್ಟಿದ್ದು, ಕೈಯಿಂದ ಕೈಗೆ ದಾಟಿ ಕಡೆಗೆ ಅಪ್ಪನಿಗೆ ಸಿಕ್ಕಿತ್ತು. ಅಪ್ಪ ಅದಕ್ಕೆ ಹಸಿರು ಬಣ್ಣ ಹೊಡೆಸಿದ್ದ. ಸುಗ್ಗಿಯಲ್ಲಿ ಹತ್ತಿ, ಮೆಣಸಿನಕಾಯಿ, ಉಳಿದ ದಿನಗಳಲ್ಲಿ ಯಾರು ಏನು ಹೇಳಿದರೆ ಅದನ್ನು ಹೇರುತ್ತಿದ್ದ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಹೀಗಾಗಿ ಅಪ್ಪ ಎಲ್ಲಿ ಹೋದರೂ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಹೋಗುತ್ತಿದ್ದ. ಹಾನಗಲ್ಲ ಸಂತೆ, ಹಿರೇಕೆರೂರಿನ ಅಡತಿ ಅಂಗಡಿಗಳು ಎಲ್ಲವನ್ನೂ ನಾನು ನೋಡಿದ್ದು ಆ ಗಾಡಿಯ ಕಿಟಕಿಯಿಂದ. ಮದುವೆಯಾಗಿ ಶಿಗ್ಗಾವಿಗೆ ಬಂದದ್ದೂ ಅದರಲ್ಲೇ. ದಾರಿಯುದ್ದಕ್ಕೂ ಅಪ್ಪ ಒಂದು ಮಾತೂ ಆಡಲಿಲ್ಲ. ಶಿಗ್ಗಾವಿ ಬಂತು ಅನ್ನುವಾಗ ಮಾತ್ರ, "ಇದು ಇನ್ನ ಬಾಳ ದಿನ ಓಡಂಗಿಲ್ಲವ್ವಾ. ಚಾಸಿ ಬಿಟ್ಟೈತಿ," ಅಂದ. ಮಗಳನ್ನು ಕಳಿಸಿಕೊಡುವ ದಿನ ಗಾಡಿಯ ಮಾತಾಡಿದನಲ್ಲ ಅಂತ ನನಗೆ ಸಿಟ್ಟು ಬಂದಿತ್ತು. ಅವನಿಗೆ ಬೇರೆ ಯಾವ ಮಾತೂ ಬಾಯಿಗೆ ಬಂದಿರಲಿಕ್ಕಿಲ್ಲ ಅಂತ ಈಗ ಅನ್ನಿಸುತ್ತದೆ.

ಚಾಸಿ ಬಿಟ್ಟ ಗಾಡಿಗಳನ್ನು ಮತ್ತೆ ಓಡುವಂತೆ ಮಾಡುವುದೇ ನನ್ನ ಗಂಡನ ಕಸುಬು. ಶಿಗ್ಗಾವಿಯಿಂದ ಸವಣೂರಿಗೆ ಹೋಗುವ ರಸ್ತೆಯ ಬದಿಗೆ ಒಂದು ತಗಡಿನ ಶೆಡ್ಡು, ಮುಂದೆ ದೊಡ್ಡ ಬೇವಿನ ಮರ, ಹಿಂದೆ ನಮ್ಮ ಮನೆ. ಆಗ ಪೆಟ್ರೋಲ್ ಗಾಡಿಗಳನ್ನು ಸಾಕುವುದು ಕಷ್ಟವಾಗಿ, ಹಳೆಯ ಪಿಕಪ್ಪುಗಳು ಊರೂರಿನ ಹಿತ್ತಲಲ್ಲಿ ನಿಂತುಬಿಟ್ಟಿದ್ದವು. ಅವುಗಳ ಮೈ ಮಾತ್ರ ಗಟ್ಟಿ. ದಪ್ಪ ತಗಡು, ಬಡಿದರೆ ಗಂಟೆಯಂಥ ಸದ್ದು. ಕೆಳಗಿನ ಚಾಸಿ, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ತುಕ್ಕು ಹಿಡಿದು ಬಿರಿದಿರುತ್ತಿತ್ತು. ನಮ್ಮವರು ಆ ಮೈಯನ್ನು ಬಿಚ್ಚಿ, ಬೇರೆ ಜೀಪಿನದೋ ಸಣ್ಣ ಲಾರಿಯದೋ ಡೀಸೆಲ್ ಇಂಜಿನ್ ಇರುವ ಚಾಸಿಯ ಮೇಲೆ ಕೂಡಿಸುತ್ತಿದ್ದರು. ಮೈಯನ್ನು ಸರಪಳಿಯಿಂದ ಬೇವಿನ ಮರದ ಕೊಂಬೆಗೆ ಏರಿಸುವುದು, ಹಳೆಯ ಚಾಸಿಯನ್ನು ಕೆಳಗಿನಿಂದ ಹೊರಗೆ ದೂಡುವುದು, ಹೊಸದನ್ನು ಒಳಗೆ ತಳ್ಳುವುದು, ಮೆಲ್ಲಗೆ ಇಳಿಸುವುದು. ಹೇಳಲಿಕ್ಕೆ ಇಷ್ಟೇ. ಆದರೆ ಒಂದರ ತೂತು ಇನ್ನೊಂದಕ್ಕೆ ಕೂಡುತ್ತಿರಲಿಲ್ಲ, ಒಂದರ ಉದ್ದ ಇನ್ನೊಂದಕ್ಕೆ ಬರುತ್ತಿರಲಿಲ್ಲ. ಚಾಸಿಯನ್ನು ನಡುವೆ ಕೊಯ್ದು, ತುಂಡು ಸೇರಿಸಿ, ವೆಲ್ಡಿಂಗ್ ಮಾಡಬೇಕಾಗುತ್ತಿತ್ತು. ಆ ಕೆಲಸಕ್ಕೆ ಸವಣೂರಿನಿಂದ ಒಬ್ಬ ಭಾಯಿ ಬರುತ್ತಿದ್ದ. ನಮ್ಮವರ ಜೀವದ ಗೆಳೆಯ. ದಿನಾ ಮುಂಜಾನೆ ಬಸ್ಸಿನಲ್ಲಿ ಬಂದು, ಬಾಗಿಲಲ್ಲೇ ನಿಂತು "ಭಾಬೀ, ಚಾ ಐತೇನ್ರಿ?" ಅಂತ ಕೇಳಿ, ಚಹಾ ಕುಡಿದೇ ಕೆಲಸಕ್ಕೆ ಕೈ ಹಚ್ಚುತ್ತಿದ್ದ.

ಮದುವೆಯಾಗಿ ಎರಡನೆಯ ಮಳೆಗಾಲದಲ್ಲಿ ಅಪ್ಪ ಹೋದ. ಹೊಲದಲ್ಲಿ ಕೂತವನು ಹಾಗೆಯೇ ಒರಗಿದ್ದನಂತೆ. ದಿನಕರ್ಮ ಮುಗಿದ ಮೇಲೆ, ಊರಲ್ಲಿ ಹೊಲ ನೋಡಿಕೊಂಡಿದ್ದ ನನ್ನ ಅಣ್ಣ ಗಾಡಿಯನ್ನು ಗುಜರಿಗೆ ಹಾಕುವ ಮಾತೆತ್ತಿದ. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ. ನಮ್ಮವರೇ ಎದ್ದು, "ಮಾವನ ಗಾಡಿ ನಾ ಒಯ್ತೇನಿ," ಅಂದರು. ಅದನ್ನು ಎತ್ತು ಹೂಡಿ ಊರ ಹೊರಗಿನವರೆಗೆ ಎಳೆಸಿ, ಅಲ್ಲಿಂದ ಲಾರಿಯ ಹಿಂದೆ ಕಟ್ಟಿ ಶಿಗ್ಗಾವಿಗೆ ತಂದರು. ಚಾಸಿ ಬಿಚ್ಚಿದಾಗ ಅದು ಎರಡು ತುಂಡಾಗಿ ನೆಲಕ್ಕೆ ಬಿತ್ತು. ಅಪ್ಪ ಅದರ ಮೇಲೆ ಅಷ್ಟು ದಿನ ಹೇಗೆ ಓಡಾಡಿದನೋ ದೇವರಿಗೇ ಗೊತ್ತು. ಮೈಯನ್ನು ಮನೆಯ ಹಿಂದೆ ಡ್ರಮ್ಮುಗಳ ಮೇಲೆ ಇಟ್ಟರು. ಯಾರದೋ ಕೆಲಸ ಮೊದಲು, ನಮ್ಮದು ಆಮೇಲೆ ಅಂತ ವರುಷಗಳೇ ಕಳೆದವು. ನನಗೆ ಬೇಸರವಾದಾಗ ಹೋಗಿ ಅದರ ಕ್ಯಾಬಿನ್ನಿನಲ್ಲಿ ಕೂರುತ್ತಿದ್ದೆ. ಮಕ್ಕಳಾಗಲಿಲ್ಲ ಅಂತ ಅತ್ತೆ ಮನೆಯ ಕಡೆಯವರು ಮಾತಾಡಿದ ದಿನಗಳಲ್ಲಿ ಅಲ್ಲಿ ಹೆಚ್ಚೇ ಕೂತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಸಂಜೆ ದಲಾಲಿಯೊಬ್ಬ ಒಂದು ಜೀಪನ್ನು ಲಾರಿಯಲ್ಲಿ ಹೇರಿಕೊಂಡು ಬಂದ. ಸೀಟಿನ ಮೇಲಿನಿಂದ ಹಿಂದಿನವರೆಗೆ ಮೈಯೆಲ್ಲ ಅಪ್ಪಚ್ಚಿಯಾಗಿತ್ತು. ಹಾನಗಲ್ಲಿನಿಂದ ಚಿಕ್ಕೇರೂರಿನ ಕಡೆ ಬರುವ ದಾರಿಯಲ್ಲಿ ಮಳೆಗಾಳಿಗೆ ದೊಡ್ಡ ಆಲದ ಮರ ಅಡ್ಡ ಬಿದ್ದಿತ್ತು. ಸರಿಯಾಗಿ ಆ ಹೊತ್ತಿಗೇ ಕೆಳಗೆ ಜೀಪು ಬಂದಿತ್ತು. ಓಡಿಸುತ್ತಿದ್ದವನು ಅಬಲೂರಿನ ಹುಡುಗ. ಮದುವೆಯ ಬೀಗರನ್ನು ಹಾನಗಲ್ಲಿಗೆ ಬಿಟ್ಟು ಒಬ್ಬನೇ ಊರಿಗೆ ಮರಳುತ್ತಿದ್ದನಂತೆ. ಕೂತಲ್ಲೇ ಜೀವ ಹೋಗಿತ್ತು. ಚಾಸಿಗೆ ಮಾತ್ರ ಏನೂ ಆಗಿರಲಿಲ್ಲ. ಇಂಜಿನ್, ಗೇರು, ಸ್ಟೇರಿಂಗು ಎಲ್ಲ ಸರಿ ಇದ್ದವು.

ನಮ್ಮವರು ಅದನ್ನು ಸುತ್ತು ಹಾಕಿ ನೋಡಿದರು. ಭಾಯಿ, "ಇದು ಬ್ಯಾಡಾಗಿತ್ತೇನೋ ಭಾಯ್," ಅಂದ.

"ಕಬ್ಬಣದ್ದೇನು ತಪ್ಪೈತಿ?" ಅಂದರು ನಮ್ಮವರು. ಆದರೂ ಅವತ್ತು ಅದನ್ನು ಮುಟ್ಟಲಿಲ್ಲ. ಮರುದಿನ ಮುಂಜಾನೆ ಇಬ್ಬರೂ ಸೇರಿ ಕೊಡಗಟ್ಟಲೆ ನೀರು ಹಾಕಿ ತೊಳೆದರು. ಬಾವಿಯಿಂದ ನೀರು ಸೇದಿ ಕೊಟ್ಟವಳು ನಾನು. ಜಜ್ಜಿಹೋದ ಮೈಯನ್ನು ಬಿಚ್ಚಿ ಗುಜರಿಗೆ ಕಳಿಸಿದರು. ಉಳಿದ ಚಾಸಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ತೆಂಗಿನಕಾಯಿ ಒಡೆದು, "ಮಾವನ ಬಾಡಿ ಇದರ ಮ್ಯಾಲೆ ಕೂಡ್ಸೋಣು," ಅಂದರು.

ಜೀಪಿನ ಚಾಸಿ ಅಪ್ಪನ ಗಾಡಿಗೆ ಗಿಡ್ಡ. ಭಾಯಿ ನಡುವೆ ಕೊಯ್ದು ಉದ್ದ ಮಾಡಿದ. ಕ್ಯಾಬಿನ್ನಿನ ನೆಲ ಕತ್ತರಿಸಿ, ಹುಡುಗನ ಗೇರಿನ ದಂಡ ಮೇಲೆ ಬರುವಂತೆ ಜಾಗ ಮಾಡಿದರು. ಅಪ್ಪನ ಸ್ಟೇರಿಂಗ್ ಇದ್ದಲ್ಲಿ ಈಗ ಆ ಹುಡುಗನ ಸ್ಟೇರಿಂಗ್ ಬಂತು. ಬೇವಿನ ಮರದಿಂದ ಹಸಿರು ಮೈ ಮೆಲ್ಲಗೆ ಇಳಿಯುವಾಗ ನಾನು ಕೆಲಸ ಬಿಟ್ಟು ಬಂದು ನಿಂತಿದ್ದೆ. ಕೂತಿತು ಅಂದಾಗ ಅಳು ತಡೆಯಲಾಗಲಿಲ್ಲ. ಅಪ್ಪನೇ ಎದ್ದು ನಿಂತ ಹಾಗಾಯಿತು. ಆ ಹೊತ್ತಿನಲ್ಲಿ ಅಬಲೂರಿನ ಹುಡುಗ ನನ್ನ ನೆನಪಿಗೇ ಬರಲಿಲ್ಲ.

ಆ ಗಾಡಿಯಿಂದಲೇ ನಮ್ಮ ಸಂಸಾರ ಸುಧಾರಿಸಿತು. ಸವಣೂರಿನ ತೋಟಗಳಿಂದ ವೀಳ್ಯದೆಲೆಯ ಪೆಂಡಿಗಳನ್ನು ಹೇರಿಕೊಂಡು ಯಲವಿಗಿ ಸ್ಟೇಷನ್ನಿಗೆ ಮುಟ್ಟಿಸುವ ಕೆಲಸ ನಮ್ಮವರಿಗೆ ಸಿಕ್ಕಿತು. ಎಲೆ ಬಾಡುವುದರೊಳಗೆ ರೈಲಿಗೆ ಹಾಕಬೇಕು. ಗಾಡಿ ಒಂದು ದಿನವೂ ಕೈ ಕೊಡಲಿಲ್ಲ. ಇಂಜಿನ್ ನಿಧಾನಕ್ಕೆ ತಿರುಗುವಾಗ ಮಾತ್ರ ನಡುನಡುವೆ 'ಟಕ್' ಅಂತ ಒಂದು ಸಣ್ಣ ಸದ್ದು ಮಾಡುತ್ತಿತ್ತು, ಬೆರಳಿನಿಂದ ಬಾಗಿಲು ಬಡಿದ ಹಾಗೆ. ಬಿಚ್ಚಿ ನೋಡಬೇಕು, ನೋಡಬೇಕು ಅಂತ ನಮ್ಮವರು ಅನ್ನುತ್ತಲೇ ಇದ್ದರು.

ಮರುವರ್ಷದ ಬೇಸಿಗೆ. ಮಧ್ಯಾಹ್ನ ಉಂಡು ನಮ್ಮವರು ಮರದ ಕೆಳಗೆ ಅಡ್ಡಾಗಿದ್ದರು. ಒಬ್ಬ ಹೆಣ್ಣುಮಗಳು, ವಯಸ್ಸಾದವರು, ಇಳಕಲ್ ಸೀರೆಯ ಸೆರಗು ತಲೆತುಂಬ ಹೊದ್ದು ನಮ್ಮ ಬಾಗಿಲಿಗೆ ಬಂದು ನೀರು ಕೇಳಿದರು. ನೀರು ಕೊಟ್ಟೆ. ಕುಡಿದು, ಚೊಂಬನ್ನು ಕೆಳಗಿಡದೆ ಹಿಡಿದುಕೊಂಡೇ ಕೇಳಿದರು.

"ಯವ್ವಾ, ಇಲ್ಲಿ ಒಂದು ಜೀಪು ಬಂದಿತ್ತಂತಲ್ಲ. ಮರಾ ಬಿದ್ದಿದ್ದು."

"ನೀವು ಯಾರ್ರಿ?" ಅಂದೆ.

"ನಾ ಅಬಲೂರಾಕಿ. ಅದನ್ನ ಓಡಸ್ತಿದ್ದಾಂವ ನನ್ನ ಮಗ."

ಮಾತು ಕೇಳಿ ನಮ್ಮವರು ಎದ್ದು ಕೂತಿದ್ದರು. ನಾನು ಚಾಪೆ ಹಾಸಿದೆ. ಅವರು ಕೂರಲಿಲ್ಲ.

"ಎಲ್ಲಿ ಐತ್ರಿ ಅದು? ಒಂದ್ಸಲ ನೋಡಿ ಹೋಗ್ತೇನಿ. ಬ್ಯಾರೆ ಏನೂ ಬ್ಯಾಡ ನನಗ."

ನಮ್ಮವರು ಹಸಿರು ಪಿಕಪ್ಪಿನ ಕಡೆ ಕೈ ಮಾಡಿದರು. ಅವರು ಅದನ್ನು ನೋಡಿದರು, ನಮ್ಮವರನ್ನು ನೋಡಿದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರೋ ಏನೋ, ಒಂದು ಹೆಜ್ಜೆ ಹಿಂದೆ ಸರಿದರು. "ಇದಲ್ಲಪ್ಪಾ. ನನ್ನ ಮಗಂದು ಇದಲ್ಲ."

"ಮ್ಯಾಲಿಂದು ಬ್ಯಾರೆ ಐತ್ರಿ ಅವ್ವಾರ," ಅಂದರು ನಮ್ಮವರು. "ಅದು ಈಕಿ ಅಪ್ಪಂದು. ಒಳಗಿಂದು ನಿಮ್ಮ ಮಗಂದು. ಇಂಜಿನ್ನು, ಸ್ಟೇರಿಂಗು, ಗೇರು... ಅಂವ ಕೈಯಾಗ ಹಿಡೀತಿದ್ದದ್ದೆಲ್ಲಾ ಹಂಗಽ ಐತ್ರಿ."

ಬಾಗಿಲು ತೆಗೆದು ಕೈ ಹಿಡಿದು ಹತ್ತಿಸಿದರು. ಅವರು ಡ್ರೈವರಿನ ಜಾಗದಲ್ಲಿ ಕೂತು ಬಹಳ ಹೊತ್ತು ಏನನ್ನೂ ಮುಟ್ಟಲಿಲ್ಲ. ಆಮೇಲೆ ಗೇರಿನ ದಂಡದ ತುದಿಯ ಕರೀ ಗುಂಡಿನ ಮೇಲೆ ಅಂಗೈ ಇಟ್ಟರು. ದಿನಾ ಹಿಡಿದು ಹಿಡಿದು ಅದು ಒಂದು ಬದಿಗೆ ಸವೆದಿತ್ತು. ಬೆರಳಿನಿಂದ ಆ ಸವೆದ ಜಾಗವನ್ನೇ ಸವರಿದರು. ಅಳಲಿಲ್ಲ. ನಾನು ಈಚೆ ನಿಂತು ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಇಳಿದ ಮೇಲೆ ಕೇಳಿದರು, "ಮುರಿದದ್ದೇನಾತು?"

"ಗುಜರಿಗೆ ಹೋತ್ರಿ."

"ಅದರಾಗ ಅವಂದೇನರ ಇತ್ತೇನಪ್ಪಾ?"

"ಏನೂ ಇರಲಿಲ್ರಿ."

ತಲೆ ಆಡಿಸಿದರು. ನಾನು ರೊಟ್ಟಿ, ಪುಂಡಿಪಲ್ಲೆ ಬಡಿಸಿದೆ. ಊಟ ಮಾಡುತ್ತ ಅವರೇ ಹೇಳಿದರು. ಮಗನ ಹೆಣ ಮನೆಗೆ ಬಂದಾಗ ತಾವು ಎಚ್ಚರ ತಪ್ಪಿ ಬಿದ್ದದ್ದು, ಮತ್ತೆ ಏಳಲಿಕ್ಕೆ ದಿನಗಳೇ ಹಿಡಿದದ್ದು, ಎದ್ದಾಗ ಗಂಡ ಜೀಪನ್ನು ಮಾರಿಬಿಟ್ಟಿದ್ದು. ಯಾರಿಗೆ ಮಾರಿದೆ ಅಂದರೆ ಹೇಳಲಿಲ್ಲವಂತೆ. ಹಿರೇಕೆರೂರಿನ ದಲಾಲಿಯ ಹೆಂಡತಿಯನ್ನು ಹಿಡಿದು, ಅವಳಿಂದ ನಮ್ಮ ಊರ ಹೆಸರು ತಿಳಿದು ಬಂದಿದ್ದರು. "ಹಾನಗಲ್ಲಿಗೆ ತಂಗಿ ಮನಿಗೆ ಹೋಗ್ತೇನಂತ ಹೇಳಿ ಬಂದೇನಿ. ಮನಿಯಾಂವಗ ಗೊತ್ತಾದ್ರ ತಡಕೊಳ್ಳಂಗಿಲ್ಲ," ಅಂದರು.

ಅವತ್ತಿನಿಂದ ಅವರು ಬಂದು ಹೋಗಿ ಮಾಡತೊಡಗಿದರು. ನಾನು ಅವರನ್ನು ಅಮ್ಮ ಅನ್ನತೊಡಗಿದೆ. ಬಂದರೆ ಸ್ವಲ್ಪ ಹೊತ್ತು ಗಾಡಿಯಲ್ಲಿ ಕೂರುವುದು, ಆಮೇಲೆ ನನ್ನ ಜೊತೆ ಕೆಲಸಕ್ಕೆ ಕೈ ಜೋಡಿಸುವುದು. ಜೋಳ ಹಸನು ಮಾಡುತ್ತ ಮಗನ ವಿಷಯ ಹೇಳುತ್ತಿದ್ದರು. ಅವನಿಗೆ ಶೇಂಗಾ ಹೋಳಿಗೆ ಅಂದರೆ ಪ್ರಾಣ. ಜೀಪು ತಂದ ಹೊಸದರಲ್ಲಿ ತಾಯಿಯನ್ನು ಊರೆಲ್ಲ ಸುತ್ತಿಸಿದ್ದ. ಹೆಣ್ಣು ಗೊತ್ತಾಗಿತ್ತು. ಆ ಹುಡುಗಿಗೆ ಈಗ ಬೇರೆ ಕಡೆ ಮದುವೆಯಾಗಿದೆ. "ಆಗಲಿ ಬಿಡವ್ವಾ, ಆಕಿ ಏನು ಮಾಡಿದ್ಲು ಪಾಪ," ಅನ್ನುತ್ತಿದ್ದರು. ಒಮ್ಮೆ ನಮ್ಮವರು ಇಂಜಿನ್ ಚಾಲೂ ಮಾಡಿದಾಗ ಅವರು ಜೋಳದ ಮೊರ ಕೆಳಗಿಟ್ಟು ಕಿವಿಗೊಟ್ಟರು. ಅದು 'ಟಕ್' ಅಂದಾಗ ಮುಖದ ಮೇಲೆ ನಗು ಬಂತು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಹಿಂಗಽ ಮಾಡತಿತ್ತು. ಊರ ಅಗಸಿ ದಾಟೂದ್ರಾಗಽ ನನಗ ಕೇಳಸ್ತಿತ್ತು. ಊಟಕ್ಕ ತಾಟು ಹಾಕ್ತಿದ್ದೆ," ಅಂದರು. ಆಮೇಲೆ ನಮ್ಮವರು ಆ ಸದ್ದನ್ನು ಸರಿಪಡಿಸುವ ಮಾತೆತ್ತಲಿಲ್ಲ.

ಆ ವರ್ಷವೇ ನಾನು ಬಸುರಿಯಾದೆ. ನನಗಿಂತ ಮೊದಲು ಅವರಿಗೇ ಗೊತ್ತಾಯಿತು. ನನ್ನ ಮುಖ ನೋಡಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೇಳಿದರು. ಮುಂದಿನ ಸಲ ಬರುವಾಗ ಅರಳಿನ ಹಿಟ್ಟಿಗೆ ಬೆಲ್ಲ ಹಾಕಿ ಅಳ್ಳಿಟ್ಟು ಮಾಡಿಕೊಂಡು ಬಂದರು. ಅವ್ವ ಇದ್ದಿದ್ದರೆ ಮಾಡುತ್ತಿದ್ದ ಕೆಲಸ. ನಾನು ಅದನ್ನು ಬಾಯಿಗೆ ಹಾಕಿಕೊಂಡು ಅಳತೊಡಗಿದೆ. ಅವರು, "ಅಳಬಾರ್ದವ್ವಾ, ಕೂಸಿಗೆ ಕೇಳ್ತದ," ಅಂತ ನನ್ನ ಬೆನ್ನು ಸವರಿದರು.

ಮಳೆಗಾಲ ಹಿಡಿದಿತ್ತು. ಒಂದು ದಿನ ಅವರು ಬಂದಾಗ ಮಳೆ ಜೋರಾಗಿ, ಹೊತ್ತು ಇಳಿಯುವ ಮೊದಲೇ ಬಸ್ಸುಗಳು ನಿಂತವು. ಅವರಿಗೆ ಗಾಬರಿ. ನಮ್ಮವರು, "ನಾವ ಬಿಟ್ಟು ಬರ್ತೇವ್ರಿ, ಕುಂದರ್ರಿ," ಅಂದರು. ಬೇಡ ಬೇಡ ಅಂದರು. ಊರ ಹೊರಗೆ ಇಳಿಸುವುದು ಅಂತ ಮಾತಾದ ಮೇಲೆ ಒಪ್ಪಿದರು. ನಾನೂ ಹೊರಟೆ. ಕ್ಯಾಬಿನ್ನಿನಲ್ಲಿ ಅವರು ನಡುವೆ, ನಾನು ಕಿಟಕಿಯ ಬದಿಗೆ. ಹಾನಗಲ್ ದಾಟಿ ಚಿಕ್ಕೇರೂರಿನ ದಾರಿ ಹಿಡಿದ ಮೇಲೆ ಒಂದು ಕಡೆ ರಸ್ತೆಯ ಬದಿಗೆ ಆಲದ ಬುಡ ಮಾತ್ರ ಉಳಿದದ್ದು ಕಂಡಿತು. ಸುತ್ತಲೂ ಹೊಸ ಚಿಗುರು ಬಂದಿತ್ತು. ನಮ್ಮವರು ಗಾಡಿ ನಿಧಾನ ಮಾಡಿದರು.

"ನಿಲ್ಲಿಸ್ಬ್ಯಾಡ," ಅಂದರು ಅವರು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಎಷ್ಟೋ ದೂರ ಹೋದ ಮೇಲೂ ಬಿಡಲಿಲ್ಲ.

ಅಬಲೂರು ಮುಟ್ಟುವಾಗ ಮಳೆ ಬಿಟ್ಟಿರಲಿಲ್ಲ. ಮೊಳಕಾಲುದ್ದ ಕೆಸರು. ಆ ವಯಸ್ಸಿನವರನ್ನು ಊರ ಹೊರಗೆ ಇಳಿಸಿ ನಡೆಯಿರಿ ಅನ್ನುವುದು ನಮ್ಮವರಿಗೆ ಆಗಲಿಲ್ಲ. "ಮನಿ ತನಕಾ ಬಿಡ್ತೇನ್ರಿ," ಅಂತ ಊರ ಅಗಸಿಬಾಗಿಲು ದಾಟಿ ಒಳಗೆ ತಂದರು. ಅವರು ಬೇಡ ಅನ್ನುವುದರೊಳಗೆ ಮನೆ ಬಂದಿತ್ತು.

ಗಾಡಿ ಇನ್ನೂ ನಿಂತಿರಲಿಲ್ಲ, ಒಳಗಿನಿಂದ ಒಬ್ಬ ಮುದುಕರು ಓಡಿ ಬಂದರು. ಆ 'ಟಕ್' ಸದ್ದು ಕೇಳಿಯೇ ಇರಬೇಕು, ಊಟಕ್ಕೆ ಕೂತವರು ಎದ್ದು ಬಂದಿದ್ದರು. ಬಲಗೈಯಲ್ಲಿ ಅನ್ನ ಮೆತ್ತಿಕೊಂಡಿತ್ತು. ಬರಿಗಾಲಿನಲ್ಲಿ, ಮಳೆಯಲ್ಲಿ, ಅಂಗಳದ ನಡುವಿನವರೆಗೆ ಬಂದು ಗಾಡಿಯನ್ನು ನೋಡಿ ನಿಂತುಬಿಟ್ಟರು. ಆ ಮುಖವನ್ನು ನಾನು ಹೇಗೆ ಹೇಳಲಿ. ಬಾಯಿ ತೆರೆದಿತ್ತು. ಯಾರನ್ನೋ ಕೂಗಲಿಕ್ಕೆ ಬಂದವರು ಹೆಸರು ಮರೆತ ಹಾಗೆ.

"ಬಂದ್ ಮಾಡ್ರಿ!" ಅಂತ ಚೀರಿದರು. "ಬಂದ್ ಮಾಡ್ರಿ ಅದನ್ನ!"

ನಮ್ಮವರು ಇಂಜಿನ್ ಆರಿಸಿದರು. ಮಳೆಯ ಸದ್ದಷ್ಟೇ ಉಳಿಯಿತು. ಹೆಂಡತಿ ಇಳಿದದ್ದನ್ನು ನೋಡಿದ ಮೇಲೆ ಅವರಿಗೆ ಎಲ್ಲ ಅರ್ಥವಾಗಿರಬೇಕು.

"ನಾ ಅದರ ಮುಖಾ ನೋಡಬಾರ್ದಂತ ಮಾರಿದ್ದೆ," ಅಂದರು. ಈಗ ಧ್ವನಿ ಇಳಿದಿತ್ತು. "ನೀ ಹುಡುಕ್ಕೊಂಡು ಹೋದೇನ?"

ಅಮ್ಮ ಸೆರಗು ಹಿಂಡುತ್ತ ಕೆಳಗೆ ನೋಡಿದರು. ನಮ್ಮವರು ಮುಂದೆ ಹೋಗಿ ಕೈ ಮುಗಿದು, "ತಪ್ಪಾತ್ರಿ ಹಿರ‍್ಯಾರ. ಮಳಿ ಅಂತ ಬಿಡಾಕ ಬಂದ್ವಿ. ಹೊರಡ್ತೇವ್ರಿ," ಅಂದರು.

ಮುದುಕರು ಗಾಡಿಯ ಹತ್ತಿರ ಬಂದು ಬಾನೆಟ್ಟಿನ ಮೇಲೆ ಎಡಗೈ ಇಟ್ಟರು. ಬಿಸಿ ಇತ್ತು. ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಮ್ಮೆ ಚಾಲೂ ಮಾಡ್ರಿ," ಅಂದರು. ನಮ್ಮವರು ಮಾಡಿದರು. ಅವರು ಕೈ ಇಟ್ಟೇ ನಿಂತು ಕೇಳಿದರು. ಆಮೇಲೆ ನಮ್ಮ ಕಡೆ ತಿರುಗಿಯೂ ನೋಡದೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಅಮ್ಮ ನನಗೆ ಹೋಗು ಅಂತ ಕಣ್ಣಿನಲ್ಲೇ ಹೇಳಿದರು.

ಆಮೇಲೆ ಅವರು ಬರಲಿಲ್ಲ. ಬಸ್ಸು ಬಂದ ಸದ್ದಾದರೆ ನಾನು ಹೊರಗೆ ಬಂದು ನೋಡುತ್ತಿದ್ದೆ. ಶಿಗ್ಗಾವಿ ದವಾಖಾನೆಯಲ್ಲಿ ನನಗೆ ಹೆಣ್ಣುಕೂಸು ಹುಟ್ಟಿತು. ಬಾಣಂತನಕ್ಕೆ ಭಾಯಿಯ ಹೆಂಡತಿ ಸವಣೂರಿನಿಂದ ಬಂದು ಇದ್ದಳು. ಒಂದು ದಿನ ಹಿರೇಕೆರೂರು ಬಸ್ಸಿನ ಕಂಡಕ್ಟರ್ ಒಂದು ಡಬ್ಬಿ ತಂದು ಕೊಟ್ಟು ಹೋದ. ತೆಗೆದರೆ ಬಾಣಂತಿಗೆ ಕೊಡುವ ಅಂಟಿನುಂಡಿ. ಒಣಕೊಬ್ಬರಿ, ಉತ್ತುತ್ತಿ ಕೈ ಬಿಚ್ಚಿ ಹಾಕಿದ್ದರು. ಯಾರು ಕೊಟ್ಟದ್ದು ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೂಸು ಹುಟ್ಟಿದ ಸುದ್ದಿ ಅವರಿಗೆ ಹೇಗೆ ಮುಟ್ಟಿತು ಅನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ.

ಕೂಸು ಕೂರುವುದನ್ನು ಕಲಿತಿತ್ತು. ಚಳಿಗಾಲದ ಒಂದು ಮುಂಜಾನೆ ಅಬಲೂರಿನ ಮುದುಕರು ಒಬ್ಬರೇ ಬಂದು ಶೆಡ್ಡಿನ ಮುಂದೆ ನಿಂತರು. ರುಮಾಲು ಕೈಯಲ್ಲಿತ್ತು. ನಮ್ಮವರು ಸ್ಟೂಲು ಹಾಕಿದರೂ ಕೂರಲಿಲ್ಲ.

"ತಮ್ಮಾ, ನಮ್ಮನಿಯಾಕಿ ಮಲಗ್ಯಾಳ. ಅನ್ನ ನೀರು ಬಿಟ್ಟು ವಾರಾತು. ಡಾಕ್ಟರ ಕೈ ಬಿಟ್ಟಾರ." ಮುಂದಿನ ಮಾತಿಗೆ ಅವರು ಬಹಳ ಕಷ್ಟಪಟ್ಟರು. "ಅವತ್ತು ನಾ ನಿಮಗ ಒಂದು ತಂಬಿಗಿ ನೀರೂ ಕೊಡ್ಲಿಲ್ಲ. ಆಕಿಗೆ ಮತ್ತ ಹೋಗಬ್ಯಾಡಂತ ಆಣಿ ಹಾಕಿದ್ದೆ. ಆಕಿ ಹೋಗ್ಲಿಲ್ಲ. ಈಗ... ಆ ಗಾಡಿ ತರ್ತೀರೇನು? ಅದರ ಆವಾಜು ಕೇಳಿದ್ರ ಎದ್ದು ಕುಂದರತಾಳೇನೋ ಅಂತ..."

ನಮ್ಮವರು ಎಲೆ ಹೇರಲು ಸವಣೂರಿಗೆ ಹೊರಟಿದ್ದರು. ಭಾಯಿ, "ನೀ ಹೋಗು, ಎಲಿ ನಾ ಬ್ಯಾರೆ ಗಾಡ್ಯಾಗ ಹಾಕಸ್ತೇನಿ," ಅಂದ. ನಾನು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹತ್ತಿದೆ. ಮುದುಕರು ಕ್ಯಾಬಿನ್ನಿಗೆ ಬರಲಿಲ್ಲ. ಹಿಂದಿನ ತೊಟ್ಟಿಯಲ್ಲಿ ಕೂತು ಅಬಲೂರಿನವರೆಗೆ ಆ ಚಳಿಗಾಳಿಯಲ್ಲೇ ಬಂದರು.

ಬಾಗಿಲ ಮುಂದೆ ಗಾಡಿ ನಿಲ್ಲಿಸಿ, ನಮ್ಮವರು ಇಂಜಿನ್ ಹಾಗೆಯೇ ಬಿಟ್ಟರು. ನಾನು ಮೊದಲು ಒಳಗೆ ಹೋದೆ. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಮಲಗಿದ್ದರು. ಗುರುತು ಸಿಗದ ಹಾಗೆ ಬತ್ತಿಹೋಗಿದ್ದರು. ಕಣ್ಣು ಮುಚ್ಚಿತ್ತು. ಹೊರಗೆ ಇಂಜಿನ್ ತಿರುಗುತ್ತಿತ್ತು. ಅದು ಒಮ್ಮೆ 'ಟಕ್' ಅಂತು. ಅವರ ರೆಪ್ಪೆ ಅಲುಗಿತು. ಇನ್ನೊಮ್ಮೆ ಅಂದಾಗ ಕಣ್ಣು ಬಿಟ್ಟರು.

"ಬಂದ್ನೇನು? ಕಾಲಿಗೆ ನೀರು ಕೊಡ್ರಿ," ಅಂದರು.

ಹೊಸ್ತಿಲಲ್ಲಿ ನಿಂತಿದ್ದ ಮುದುಕರು ಗೋಡೆ ಹಿಡಿದುಕೊಂಡರು. ಆಮೇಲೆ ಅವರೇ ಚೊಂಬಿನಲ್ಲಿ ನೀರು ತುಂಬಿ ಹೊರಗೆ ಒಯ್ದರು. ನಮ್ಮವರು ಇಂಜಿನ್ ಆರಿಸಿ, ಆ ನೀರಿನಿಂದ ಕಾಲು ತೊಳೆದು ಒಳಗೆ ಬಂದು ಅಮ್ಮನ ಪಕ್ಕದಲ್ಲಿ ಕೂತರು. ತಾವು ಯಾರು ಅಂತ ಹೇಳುವುದೋ ಬಿಡುವುದೋ ಅವರಿಗೆ ತಿಳಿಯಲಿಲ್ಲ.

ಅಮ್ಮ ಅವರ ಕೈಯನ್ನು ಎಳೆದುಕೊಂಡು, ಅಂಗೈಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಗ್ರೀಸು ಹತ್ತಿ ಹತ್ತಿ ಒರಟಾದ ಕೈ. ಮೆಲ್ಲಗೆ, "ನೀ ಶಿಗ್ಗಾವಿ ಮೇಸ್ತ್ರಿ. ನನಗ ಗೊತ್ತೈತಪ್ಪಾ," ಅಂದರು. "ಆದ್ರೂ ಉಂಡು ಹೋಗು. ಆ ಗಾಡಿ ಬಂದು ನಿಂತಾಗ ಈ ಮನ್ಯಾಗ ಯಾರೂ ಉಣ್ಣದಽ ಹೋಗಿಲ್ಲ."

ನಮ್ಮವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೂಸನ್ನು ಅಮ್ಮನ ಪಕ್ಕದಲ್ಲಿ ಮಲಗಿಸಿದೆ. ಕೂಸಿನ ಪಾದ ಹಿಡಿದುಕೊಂಡು ಅಂಟಿನುಂಡಿ ಮುಟ್ಟಿತ್ತೇ ಅಂತ ಕೇಳಿದರು. ಮುಟ್ಟಿತ್ತು ಅಂದೆ. ಆ ಮನೆಯ ಒಲೆ ಹಚ್ಚಿ ನಾನೇ ಅನ್ನ ಮಾಡಿದೆ. ನಮ್ಮವರೂ ಮುದುಕರೂ ಎದುರುಬದುರು ಕೂತು ಉಂಡರು. ಅಮ್ಮ ಒಂದು ಚಮಚೆ ಗಂಜಿ ಕುಡಿದರು. ಅವರು ಎದ್ದು ಕೂರಲಿಲ್ಲ. ಮುದುಕರು ಆಸೆಪಟ್ಟದ್ದು ಆಗಲಿಲ್ಲ. ನಾವು ಹೊರಡುವಾಗ ನಿದ್ದೆ ಹತ್ತಿತ್ತು. ಎರಡು ದಿನ ಬಿಟ್ಟು ತೀರಿಹೋದ ಸುದ್ದಿ ಬಂತು.

ಗಾಡಿ ಇನ್ನೂ ಕೆಲವು ವರ್ಷ ಓಡಿತು. ಎಂಬತ್ತರ ದಶಕದ ನಡುವೆ ಯಲವಿಗಿಯ ದಾರಿಯಲ್ಲಿ ಒಂದು ದಿನ ಭಾಯಿ ಸೇರಿಸಿದ ಬೆಸುಗೆಯ ಪಕ್ಕದಲ್ಲೇ ಚಾಸಿ ಬಿರಿಯಿತು. ಎಲೆಯ ಪೆಂಡಿಗಳನ್ನು ರಸ್ತೆಯಲ್ಲೇ ಇಳಿಸಿ, ಗಾಡಿಯನ್ನು ಎಳೆಸಿಕೊಂಡು ಮನೆಗೆ ತಂದರು. ಭಾಯಿ ಮತ್ತೆ ಬೆಸೆಯುತ್ತೇನೆ ಅಂದ. ನಮ್ಮವರು ಬೇಡ ಅಂದರು. ಅಪ್ಪನ ಗಾಡಿಯನ್ನು ಇನ್ನೊಂದು ಚಾಸಿಗೆ ಏರಿಸುವ ಮಾತನ್ನು ಭಾಯಿಯೇ ತೆಗೆದ. ಆಗ ನಮ್ಮವರು ನನ್ನ ಮುಖ ನೋಡಿದರು. ಸಾಕು ಅಂದೆ. ಅದರ ತಗಡೂ ಆಗ ಅಲ್ಲಲ್ಲಿ ತೂತು ಬಿದ್ದಿತ್ತು.

ಇಂಜಿನ್ ಮಾತ್ರ ಚೆನ್ನಾಗಿತ್ತು. ಆ ಕಾಲದಲ್ಲಿ ಹಳೆಯ ಇಂಜಿನ್‌ಗಳನ್ನು ಬಾವಿಯ ಪಂಪಿಗೆ ಜೋಡಿಸುತ್ತಿದ್ದರು. ಅದನ್ನು ಆ ಮುದುಕರ ಹೊಲದ ಬಾವಿಗೇ ಕೂಡಿಸಿ ಕೊಡಬೇಕು ಅಂತ ನಮ್ಮವರ ಮನಸ್ಸಿಗೆ ಬಂತು. ಇಬ್ಬರೂ ಬಸ್ಸಿನಲ್ಲಿ ಅಬಲೂರಿಗೆ ಹೋದೆವು. ಮುದುಕರು ಹೊಲದಲ್ಲಿದ್ದರು. ಬದುವಿನ ಮೇಲೆ ಕೂರಿಸಿ ಮಾತೆಲ್ಲ ಕೇಳಿಸಿಕೊಂಡರು.

"ನಿಮ್ಮ ಮನಸ್ಸು ದೊಡ್ಡದು," ಅಂದರು. "ಆದ್ರ ಬ್ಯಾಡ ತಮ್ಮಾ. ದಿನಾ ಕೇಳಾಕ ನನ್ನ ಕೈಲಿ ಆಗೂದಿಲ್ಲ."

ನಮ್ಮವರು ಮತ್ತೆ ಒತ್ತಾಯ ಮಾಡಲಿಲ್ಲ. ಮುದುಕರು ಹಸಿ ಅವರೆಕಾಯಿ ಕಿತ್ತು ಕೈಚೀಲದ ತುಂಬ ತುಂಬಿ ಕೊಟ್ಟರು. ಮಗಳು ಎಷ್ಟನೇ ಈಯತ್ತೆ ಓದುತ್ತಾಳೆ ಅಂತ ಕೇಳಿದರು. ಬಸ್ಸಿನವರೆಗೂ ಬಂದು, ಅದು ಹೊರಡುವ ತನಕ ನಿಂತಿದ್ದರು. ಇಂಜಿನನ್ನು ಹಾವೇರಿ ಕಡೆಯ ಯಾರೋ ಒಯ್ದರು. ಅದು ಎಲ್ಲಿ ಯಾವ ಬಾವಿಯ ಮೇಲೆ ತಿರುಗಿತೋ ನಾವು ವಿಚಾರಿಸಲು ಹೋಗಲಿಲ್ಲ. ಅಪ್ಪನ ಗಾಡಿಯ ಮೈಯನ್ನು ಗುಜರಿಯವರು ತುಂಡು ಮಾಡುವ ದಿನ ನಾನು ಮಗಳನ್ನು ಕರೆದುಕೊಂಡು ಸವಣೂರಿನ ಭಾಯಿಯ ಮನೆಗೆ ಹೋಗಿ ಕೂತಿದ್ದೆ.

ಆ ಮುದುಕರು ತೀರಿಕೊಂಡದ್ದು ನಮಗೆ ತಡವಾಗಿ ಗೊತ್ತಾಯಿತು. ತಿಳಿದ ದಿನವೇ ಹೋದೆವು. ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹೆಣ್ಣುಮಗಳು ಹೊರಗೆ ಬಂದು, "ಯಾರು ಬೇಕಾಗಿತ್ರಿ? ನೀವೇನಾಗ್ಬೇಕು ಅವರಿಗೆ?" ಅಂತ ಕೇಳಿದಳು. ನಮ್ಮವರು ನನ್ನ ಕಡೆ ತಿರುಗಿದರು. "ಪರಿಚಯದವರ‍್ರಿ, ಶಿಗ್ಗಾವಿಯವರು," ಅಂದೆ ನಾನು. ಆಕೆ ಒಳಗೆ ಕರೆದು ಚಹಾ ಮಾಡಿ ಕೊಟ್ಟಳು. ಮುದುಕರು ಕಡೆಯ ದಿನಗಳಲ್ಲಿ ಯಾರಿಗೂ ತ್ರಾಸು ಕೊಡಲಿಲ್ಲ ಅಂತ ಹೇಳಿದಳು. ಚಹಾ ಕುಡಿದು, ಸಂಜೆಯ ಬಸ್ಸು ಹಿಡಿದು ಊರಿಗೆ ಬಂದೆವು.